ನಮ್ಮ ಡಿಶ್ಶಿಗೆ ಸಿಕ್ಕ ಗ್ರಹ

ದೂರದ ಗ್ರಹಗಳಲ್ಲಿ ಜೀವ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಹುನಗುಂದದ ನಮ್ಮ ಮಾಳಿಗೆಯ ಮೇಲಿಂದಲೇ ಬಗೆಹರಿಸಿಬಿಡುತ್ತೇನೆ ಎಂಬ ಭರವಸೆ ನನಗೆ ಪೂರ್ತಿ ಇತ್ತು. ಯಾಕಿರಬಾರದು? ದೊಡ್ಡ ದೊಡ್ಡ ವಿಜ್ಞಾನಿಗಳ ಹತ್ತಿರ ಇರುವುದೇನು? ಡಿಶ್ಶು. ನನ್ನ ಹತ್ತಿರ ಇರುವುದೇನು? ಡಿಶ್ಶು!

ನಾನು ಕೇಬಲ್ ಟಿವಿಯವನು. ಅಂದರೆ, ಒಂದು ಕಾಲಕ್ಕೆ ಆಗಿದ್ದೆ. ಆ ಡಿಶ್ಶು ಟ್ರ್ಯಾಕ್ಟರಿನಲ್ಲಿ ಬಂದಿಳಿದ ದಿನ ಓಣಿಯ ಹೆಂಗಸರು ಅದಕ್ಕೆ ಕುಂಕುಮ ಹಚ್ಚಿ, ಆರತಿ ಬೆಳಗಿ, ಮದುಮಗಳ ಹಾಗೆ ಒಳಗೆ ಕರೆದುಕೊಂಡಿದ್ದರು. ನನ್ನ ಹೆಂಡತಿ ಶಾಂತಾ ಆಗ ಹೊಸದಾಗಿ ಬಂದವಳು. ನಾನು ಮಾಳಿಗೆಯ ಮೇಲೆ ಡಿಶ್ಶು ತಿರುಗಿಸುವುದು, ಅವಳು ಕೆಳಗೆ ಟಿವಿ ಮುಂದೆ ನಿಂತು ಕೂಗುವುದು: "ಬಂತ್ರೀ! ಹೋತ್ರೀ! ಸ್ವಲ್ಪ ಈ ಕಡೆ... ಹಾಂ, ಬಂತ್ರೀ!" ಚಿತ್ರದಲ್ಲಿ ಗೆರೆ ಬಂದರೆ ಇಡೀ ಓಣಿಗೆ ಕೇಳುವಂತೆ ನಾನು ಗುಡುಗುತ್ತಿದ್ದೆ: "ಯಾರ ಮನ್ಯಾಗ್ರೀ ಮಿಕ್ಸರ್ ಹಚ್ಚೀರಿ? ಬಂದ್ ಮಾಡ್ರಿ!" ತಕ್ಷಣ ಬಂದ್ ಆಗುತ್ತಿತ್ತು. ತಹಶೀಲ್ದಾರರಿಗೂ ಅಷ್ಟು ಮರ್ಯಾದೆ ಇರಲಿಲ್ಲ! ಸಂಜೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಒಳಗಿನಿಂದ ಶಾಂತಾ ರೊಟ್ಟಿ ಬಡಿಯುವ ಸಪ್ಪಳ ತಪ್ ತಪ್ ಎಂದು ಬರುತ್ತಿರುತ್ತಿತ್ತು. ಎಂಥ ಸುಖದ ದಿನಗಳವು!

ಮೊಬೈಲು ಬಂತು. ಕೇಬಲ್ ಹೋಯಿತು. ಪಡಸಾಲೆ ಖಾಲಿಯಾಯಿತು. ಶಾಂತಾ ಮಾತ್ರ ಕೈ ಕಟ್ಟಿ ಕೂಡಲಿಲ್ಲ, ಖಡಕ್ ರೊಟ್ಟಿ ಮಾರಲು ಶುರು ಮಾಡಿದಳು. ಇಳಕಲ್ಲಿನ ಮದುವೆ ಮನೆಗಳಿಂದಲೂ ಆರ್ಡರ್ ಬರತೊಡಗಿದವು. ರೊಟ್ಟಿ ಒಣಗಿಸಲು ಜಾಗ ಸಾಲದಾದಾಗ ಅವಳ ಕಣ್ಣು ಡಿಶ್ಶಿನ ಮೇಲೆ ಬಿತ್ತು.

"ಬರೂ ಆಯಿತವಾರ ಗುಜರಿಯವ ಬರ್ತಾನ. ಅದನ್ನ ಕೊಟ್ಟು ಒಂದು ತಗಡಿನ ಶೆಡ್ ಹಾಕಸ್ರಿ."

"ಗುಜರಿಗಾ? ನನ್ನ ಡಿಶ್ಶು?"

"ಅದರಿಂದ ಉಪಯೋಗ ಏನೈತಿ ಹೇಳ್ರಿ. ಒಂದs ಉಪಯೋಗ ತೋರಸ್ರಿ, ಬಿಡ್ತೇನಿ."

ಅಂದಿನಿಂದಲೇ ಉಪಯೋಗ ಹುಡುಕತೊಡಗಿದೆ. ಅದೇ ವಾರ ಪೇಪರಿನಲ್ಲಿ ಓದಿದೆ: ವಿಜ್ಞಾನಿಗಳು ದೂರದ ಗ್ರಹಗಳ ಗಾಳಿಯಲ್ಲಿ ಜೀವಿಗಳು ಬಿಡುವಂಥ ಅನಿಲ ಇದೆಯೇ ಎಂದು ಹುಡುಕುತ್ತಾರಂತೆ. ಇನ್ನು ಕೆಲವರು ಡಿಶ್ಶು ಹಚ್ಚಿ, ಯಾರಾದರೂ ಮಾತಾಡುತ್ತಾರೇನೋ ಎಂದು ಕಿವಿಗೊಟ್ಟು ಕೂಡುತ್ತಾರಂತೆ. ಶಾಂತಾಗೆ ಓದಿ ಹೇಳಿದೆ.

"ಬ್ಯಾರೆ ಗ್ರಹದ ವಾಸನಿ ಹಿಡೀತಾರ? ನಿಮಗ ಅಡಗಿಮನ್ಯಾಗ ಹಾಲು ಹೊತ್ತಿದ್ದು ಗೊತ್ತಾಗೂದಿಲ್ಲ!"

ಅವಮಾನವನ್ನು ನುಂಗಿಕೊಂಡು ಮಾಳಿಗೆ ಹತ್ತಿದೆ. ಡಿಶ್ಶಿನ ತುಕ್ಕು ಉಜ್ಜಿದೆ, ಹಳೆಯ ರಿಸೀವರನ್ನು ಬ್ಯಾಟರಿಗೆ ಜೋಡಿಸಿದೆ, ಹೆಡ್‌ಫೋನ್ ಹಾಕಿಕೊಂಡು ಆಕಾಶಕ್ಕೆ ಮುಖ ಮಾಡಿ ಕೂತೆ. ಆಶ್ಚರ್ಯವೆಂದರೆ ಶಾಂತಾ ಬೈಯಲಿಲ್ಲ. "ಕೂಡ್ರಿ, ಕೂಡ್ರಿ. ಗಟ್ಟಿ ಕಿವಿ ಮುಚ್ಚಿಕೊಂಡು ಕೂಡ್ರಿ," ಎಂದು ಚಹಾ ಕೂಡ ಕೊಟ್ಟು ಹೋದಳು. ವಿಜ್ಞಾನಕ್ಕೆ ಮನೆಯವರ ಬೆಂಬಲ ಎಷ್ಟು ಮುಖ್ಯ ಎಂದು ಕಣ್ಣು ತುಂಬಿ ಬಂತು.

ಸ್ವಲ್ಪ ಹೊತ್ತಿಗೇ ಬಂತು! ಗರ್ರ್... ಟಕ್! ಸ್ವಲ್ಪ ತಡೆದು ಮತ್ತೆ ಗರ್ರ್... ಟಕ್! ಮೈಮೇಲೆ ಮುಳ್ಳು ಎದ್ದವು.

ಮರುದಿನವೂ ಬಂತು, ಅದರ ಮರುದಿನವೂ ಬಂತು. ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆ ನಡೆಸಿದೆ. ಹೆಡ್‌ಫೋನ್ ಹಾಕಿದ ಮೇಲೆಯೇ ಸದ್ದು ಶುರುವಾಗುತ್ತಿತ್ತು. ಅಂದರೆ ಅವರಿಗೆ ನಾನು ಕಾಣಿಸುತ್ತಿದ್ದೇನೆ! ಊರಲ್ಲಿ ಕರೆಂಟ್ ಹೋದರೆ, ನನ್ನ ಬ್ಯಾಟರಿ ನಡೆಯುತ್ತಿದ್ದರೂ ಸದ್ದು ನಿಲ್ಲುತ್ತಿತ್ತು. ಅಂದರೆ ನಮ್ಮ ಕಷ್ಟ ಅವರಿಗೂ ಅರ್ಥವಾಗುತ್ತದೆ! ಎಂಥ ಸುಸಂಸ್ಕೃತ ಜೀವಿಗಳು!

ಪಕ್ಕದ ಮನೆಯ ಮಹಾಂತಪ್ಪನನ್ನು ಕರೆದು ಕೇಳಿಸಿದೆ. ಅವನು ನನ್ನ ಮೊದಲ ಕೇಬಲ್ ಗಿರಾಕಿ. ಅವನ ಮನೆಯಲ್ಲಿ ಒಮ್ಮೆ ಮಷೀನಿನ ರೊಟ್ಟಿ ಬಡಿಸಿದಾಗ, "ಇದು ರೊಟ್ಟಿ ಅಲ್ಲಲೇ, ರಟ್ಟು! ನಮ್ಮನ್ಯಾಗ ಕೈಲೆ ಬಡದ ರೊಟ್ಟಿನs," ಎಂದು ತಾಟು ಬಿಟ್ಟು ಎದ್ದು ಬಂದವನು ನಾನು. ಪಾಪ, ಅದನ್ನೆಲ್ಲ ಮನಸ್ಸಿನಲ್ಲಿಡದೆ ಕೇಳಿದ.

"ಖರೇನ ಯಾರೋ ಅದಾರಲೇ!" ಎಂದ.

ಇನ್ನೇನು ಬೇಕು? ವಿದ್ಯಾಗಿರಿಯಲ್ಲಿರುವ ಬೀಗರಿಗೆ ಫೋನ್ ಮಾಡಿದೆ. ನನ್ನ ಮಗಳ ಮಾವ ಅವರು, ಭೌತಶಾಸ್ತ್ರದ ನಿವೃತ್ತ ಲೆಕ್ಚರರ್. ಮದುವೆಯಾದಾಗಿನಿಂದ ನನ್ನನ್ನು ನಾಲ್ಕು ಮಂದಿಗೆ "ಇವರು ಕೇಬಲ್‌ದವರು" ಎಂದೇ ಪರಿಚಯಿಸುವವರು. ಅವರ ಬಾಯಿಂದ ಒಂದು "ಭಲೇ" ಬಂದರೆ ಡಿಶ್ಶು ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಭಾನುವಾರ ಬರುತ್ತೇನೆಂದರು. ಗುಜರಿಯವನೂ ಅದೇ ದಿನ! ನಾನು ಓಣಿಯವರನ್ನೆಲ್ಲ ಊಟಕ್ಕೆ ಕರೆದೆ.

"ಇಷ್ಟು ಮಂದಿಗೆ ರೊಟ್ಟಿ ಯಾರು ಬಡೀಬೇಕು?" ಎಂದಳು ಶಾಂತಾ.

"ನೀನs! ನಿನ್ನ ಕೈಗುಣ ಅವರೂ ನೋಡ್ಲಿ."

ಅವಳು ಹೆಗಲು ಒತ್ತಿಕೊಳ್ಳುತ್ತ ಒಳಗೆ ಹೋದಳು.

ಭಾನುವಾರ ಮಾಳಿಗೆ ತುಂಬಿತು. ಹಳೆಯ ಗಿರಾಕಿಗಳೆಲ್ಲ ತಲೆ ಬೆಳ್ಳಗೆ ಮಾಡಿಕೊಂಡು ಬಂದಿದ್ದರು. "ಅವತ್ತು ಮ್ಯಾಚ್ ನೋಡಾಕ ಹಿಂಗs ಕೂಡ್ತಿದ್ವಿ ನೋಡ್ರಿ," ಎಂದು ಒಬ್ಬರು ಅಂದಾಗ ನಾನು ಅವರಿಗೆ ಮುಂದಿನ ಸಾಲಿನಲ್ಲೇ ಜಾಗ ಮಾಡಿಕೊಟ್ಟೆ. ಗುಜರಿಯವನು ಕೂಡ ತಕ್ಕಡಿ ಕೆಳಗಿಟ್ಟು ಬಂದು ಕೂತಿದ್ದ. ಬೀಗರು ಕನ್ನಡಕ ಒರೆಸಿಕೊಂಡರು. ಸ್ಪೀಕರ್ ಹಚ್ಚಿದೆ.

ಗರ್ರ್... ಟಕ್! ಗರ್ರ್... ಟಕ್! ಎಂದೂ ಇಲ್ಲದಷ್ಟು ಜೋರು, ಎಂದೂ ಇಲ್ಲದಷ್ಟು ಅವಸರ!

"ಕೆಳಗಿಂದನೂ ಕೇಳಸಾಕತ್ತೈತಲ್ಲೋ," ಎಂದ ಮಹಾಂತಪ್ಪ.

"ಸಿಗ್ನಲ್ ಅಷ್ಟು ಜೋರ್ ಐತಿ!" ಎಂದೆ.

ಬೀಗರು ತಲೆ ವಾರೆ ಮಾಡಿ ಕೇಳಿದರು. "ಬೀಗರ, ಇದು ಮೋಟಾರಿನ ಸದ್ದು. ಹತ್ತಿರದಾಗ ಎಲ್ಲೋ ಮೋಟಾರ್ ನಡದೈತಿ."

"ನಮ್ಮನ್ಯಾಗ ಯಾವ ಮೋಟಾರೂ ಇಲ್ರಿ! ಅನುಮಾನ ಇದ್ರ ಮೇನ್ ಸ್ವಿಚ್ಚs ತೆಗೀತೇನಿ, ನೋಡ್ರಿ!"

ಎದೆಯುಬ್ಬಿಸಿಕೊಂಡು ಇಳಿದೆ. ಸ್ವಿಚ್ ಕೆಳಗೆಳೆದೆ. ಮೇಲೆ ಬ್ಯಾಟರಿಗೆ ಹಚ್ಚಿದ್ದ ಸ್ಪೀಕರೂ ಗಪ್‌ಚಿಪ್ ಆಯಿತು. ಹಿತ್ತಲ ಖೋಲಿಯಿಂದ ಶಾಂತಾಳ ದನಿ ಇಡೀ ಓಣಿಗೆ ಕೇಳಿಸಿತು:

"ಯಾರ್ರೀ ಅದು ಕರೆಂಟ್ ತೆಗದವ್ರು? ರೊಟ್ಟಿ ಮಷೀನ್ಯಾಗ ಸಿಕ್ಕೊಂತು!"

ಮಾಳಿಗೆಯ ಮೇಲೆ ಎದ್ದ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮಹಾಂತಪ್ಪನಂತೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು, "ರಟ್ಟು! ರಟ್ಟು!" ಎಂದು ಕೂಗುತ್ತಿದ್ದ.

ನಾನು ಖೋಲಿಯ ಬಾಗಿಲಲ್ಲಿ ನಿಂತೆ. ಮಷೀನಿನ ಬಾಯಲ್ಲಿ ಅರ್ಧ ರೊಟ್ಟಿ ನೇತಾಡುತ್ತಿತ್ತು.

"ಯಾವಾಗ ತಂದಿ ಇದನ್ನ?"

"ನೀವು ಕೂಡಲಸಂಗಮಕ್ಕ ಹೋದ ದಿನ. ತಿಂಗಳ ಮ್ಯಾಲಾತು ಬಂದು."

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ರಟ್ಟು ಅಂತ ಮಂದಿ ಮನ್ಯಾಗ ತಾಟು ಬಿಟ್ಟು ಎದ್ದ ಬಂದವ್ರು ನೀವು. ಹೆಗಲು ಎತ್ತಾಕ ಬರವಲ್ದಾಗಿತ್ತು. ದವಾಖಾನ್ಯಾಗ ಇನ್ನ ಬಡೀಬ್ಯಾಡ ಅಂದಾರ." ಹಿಟ್ಟಿನ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು. "ಮೊದಲ ನೀವು ಹೊರಗ ಹೋದಾಗಷ್ಟ ಹಚ್ಚತಿದ್ದೆ, ಈಗ ನೀವು ಕಿವಿ ಮುಚ್ಚಿಕೊಂಡಾಗ."

ಅಷ್ಟು ದಿನದಿಂದ ನಾನು ತಿಂದದ್ದು, "ಇದು ನೋಡು ಕೈರುಚಿ!" ಎಂದು ಬೆರಳು ಚೀಪಿದ್ದು ಎಲ್ಲ ಅದೇ ರಟ್ಟು! ಅದು ಹೋಗಲಿ. ತಪ್ ತಪ್ ಎಂಬ ಆ ಸಪ್ಪಳ ನಿಂತು ಅಷ್ಟು ದಿನವಾಗಿತ್ತು. ಅದನ್ನು ಕೇಳಿಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಆಕಾಶದ ಆಚೆಯವರು ಪಿಸುಗುಟ್ಟಿದರೂ ಹಿಡಿಯುತ್ತೇನೆಂದು ಕೂತವನಿಗೆ ಅಡುಗೆಮನೆ ಸುಮ್ಮನಾದದ್ದು ಗೊತ್ತಾಗಿರಲಿಲ್ಲ. ನನಗೆ ಭಾಳ ಕೆಟ್ಟದೆನಿಸಿತು. ಓಣಿಯ ಮಿಕ್ಸರುಗಳನ್ನೆಲ್ಲ ಕೂತಲ್ಲೇ ಪತ್ತೆ ಹಚ್ಚುತ್ತಿದ್ದ ಮಹಾಶಯ ನಾನೇ ಅಲ್ಲವೇ!

ಬೀಗರು ಊಟಕ್ಕೆ ಕೂತು ಎರಡನೆಯ ರೊಟ್ಟಿ ಮುರಿಯುತ್ತ, "ಭಲೇ!" ಎಂದರು. ಶಾಂತಾಳಿಗೆ.

ಗುಜರಿಯವನನ್ನು ನಾನೇ ಡಿಶ್ಶಿನ ಹತ್ತಿರ ಕರೆದೊಯ್ದೆ. ಅವನು ತೂಗಲು ಕೈ ಹಾಕಿದಾಗ ಶಾಂತಾ ಮೇಲೆ ಬಂದಳು. ಡಿಶ್ಶಿನ ಜಾಳಿಗೆಯನ್ನು ಬೆರಳಿಂದ ಮುಟ್ಟಿ ನೋಡಿದಳು. "ಇರ್ಲಿ ಬಿಡಪಾ. ಗಾಳಿ ಛಲೋ ಆಡ್ತೈತಿ ಇದರಾಗ," ಎಂದು ಅವನನ್ನು ಕಳಿಸಿಬಿಟ್ಟಳು.

ಈಗ ಡಿಶ್ಶು ಆಕಾಶಕ್ಕೆ ಅಂಗಾತ ಮಲಗಿದೆ. ಅದರ ತುಂಬ ಶುಭ್ರವಾದ ಅರಿವೆ ಹಾಸಿ ಖಡಕ್ ರೊಟ್ಟಿ ಒಣಹಾಕುತ್ತೇವೆ. ದಿನಾ ಬೆಳಿಗ್ಗೆ ಕೈಯಲ್ಲಿ ಕೋಲು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂಡುತ್ತೇನೆ. ಕೆಳಗೆ ಶಾಂತಾ ಮಷೀನು ಹಚ್ಚಿ, ಹಳೆಯ ಕಾಲದ ಹಾಗೆಯೇ ಕೂಗುತ್ತಾಳೆ:

"ಬಂತೇನ್ರೀ ನಿಮ್ಮ ಗ್ರಹ?"

"ಬಂತು! ಭಾಳ ಸ್ವಚ್ಛ ಬಂತು!"

"ಹಂಗಾರ ಮೊದಲ ಆ ಕಾಗಿ ಓಡಸ್ರಿ!"