ನನ್ನ ಬೆನ್ನು ಕಂಡವರು

ಪ್ರೀತಿ ಮುರಿದುಬಿದ್ದವರಿಗೆ ಮದ್ದು ಹೇಳುವವರಿಗೆ ಬರವಿಲ್ಲ. ಒಬ್ಬರು ಯೋಗಕ್ಕೆ ಸೇರು ಎನ್ನುತ್ತಾರೆ, ಇನ್ನೊಬ್ಬರು ಹೊಸ ಚಪ್ಪಲಿ ಕೊಂಡುಕೋ ಎನ್ನುತ್ತಾರೆ, ಮತ್ತೊಬ್ಬರು ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ತಮ್ಮ ಲೋಕಲ್ ರೈಲು ಹಿಡಿಯಲು ಓಡುತ್ತಾರೆ. ಆದರೆ ನಾವು ಮನೆಯಲ್ಲಿ ಗಂಜಿ ಉಣ್ಣುತ್ತ ಕೂತಿರುವಾಗಲೇ, ಬಿಟ್ಟುಹೋದ ಹುಡುಗನ ಜೊತೆ ನಾವೇ ಊರು ಸುತ್ತುತ್ತಿದ್ದರೆ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಂಜಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಠಾಣೆಯ ಪಕ್ಕದ ಕಳವಾ ಊರಿನಲ್ಲಿ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದುಕೊಂಡಿದ್ದ ಸತೀಶ, ತಾನು ಕೆಲಸಕ್ಕಿದ್ದ ಅಂಗಡಿಯ ಸೇಟಿನ ಪರವಾಗಿ ಲಾರಿ ಗೊತ್ತುಮಾಡಲು ಅಲ್ಲಿಗೆ ಬರುತ್ತಿದ್ದ. ಮೂರು ವರ್ಷ ನಾವಿಬ್ಬರೂ ಪ್ರತಿ ಭಾನುವಾರ ಸಂಜೆ ಠಾಣೆಯ ಕೆರೆಯ ಸುತ್ತ ನಡೆದೆವು, ಆಗಾಗ ಅವನ ಖೋಲಿಯ ಕಡೆಗೂ ಹೋಗಿಬಂದೆವು. ಒಂದು ಭಾನುವಾರ ಅವನು ಭೇಲ್ ತಿನ್ನುತ್ತ, ನಮಗೆ ಯಾಕೋ ಹೊಂದಿಕೆಯಾಗುತ್ತಿಲ್ಲ ಎಂದ. ಪೂರ್ತಿ ತಿಂದು ಮುಗಿಸಿ ಕೈ ಒರೆಸಿಕೊಂಡು ಹೋದ. ನಾನು ಕೋಪರಖೈರಣೆಯ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅಮ್ಮ ಏನಾಯಿತೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ. ಹಾಗಾಗಿ ನನ್ನ ಪ್ರೇಮಭಂಗಕ್ಕೆ ಎಂಟು ದಿನ ಓಮದ ಕಷಾಯ ಮತ್ತು ಗಂಜಿಯ ಚಿಕಿತ್ಸೆ ನಡೆಯಿತು. ನಿಜ ಹೇಳಬೇಕೆಂದರೆ, ಹೊಟ್ಟೆಗಂತೂ ಬಹಳ ಒಳ್ಳೆಯದಾಯಿತು.

ಮೂರನೇ ವಾರ ಪಕ್ಕದ ಮನೆಯ ಲಲಿತಕ್ಕ ಬಂದು ಅಮ್ಮನೆದುರೇ ಕೇಳಿದರು: "ನಿನ್ನೆ ಠಾಣೆಯ ಕೆರೆ ಹತ್ರ ನಿನ್ನನ್ನು ಕಂಡೆ ಮಾರಾಯ್ತಿ. ಎಷ್ಟು ಕರೆದ್ರೂ ತಿರುಗ್ಲೇ ಇಲ್ಲ. ಯಾರದು ಜೊತೆಯಲ್ಲಿದ್ದ ಹುಡುಗ?"

ನಿನ್ನೆ ಇಡೀ ದಿನ ನಾನು ಅಮ್ಮನ ಜೊತೆ ಕೂತು ಹಪ್ಪಳ ಒತ್ತಿದ್ದೆ. ಅದಕ್ಕೆ ಅಮ್ಮನೇ ಸಾಕ್ಷಿ. ನಿಜವಾಗಿಯೂ ಅವನ ಜೊತೆ ಸುತ್ತಿದ ಮೂರು ವರ್ಷದಲ್ಲಿ ನಮ್ಮ ಕಡೆಯ ಒಂದು ನರಪಿಳ್ಳೆಯೂ ನನ್ನನ್ನು ನೋಡಿರಲಿಲ್ಲ. ಈಗ ಹಪ್ಪಳ ಒತ್ತುತ್ತ ಕೂತವಳು ಎಲ್ಲರ ಕಣ್ಣಿಗೂ ಬೀಳತೊಡಗಿದೆ. ಮುಂದಿನ ವಾರ ನಮ್ಮ ಆಫೀಸಿನ ಗುಮಾಸ್ತರು ನನ್ನನ್ನು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಂಡರಂತೆ, ಅದೇ ಜಡೆ, ಅದೇ ಹಸಿರು ದುಪಟ್ಟಾ. ಮನೆಗೆ ಬಂದವಳೇ ದುಪಟ್ಟಾ ಹುಡುಕಿದೆ. ತಿಂಗಳಿನಿಂದ ಮುಟ್ಟದೆ ಇಟ್ಟಿದ್ದ ಅದು ಕಿಟಕಿಯ ಸರಳಿಗೆ ನೇತಾಡುತ್ತಿತ್ತು, ಅಂಚು ಒದ್ದೆಯಾಗಿತ್ತು. ಮುಟ್ಟಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಒಗೆದು ಹಾಕಿದವಳು ತಾನೇ ಎಂದು ಅಮ್ಮ ಒಳಗಿನಿಂದ ಹೇಳಿದಳು. ಆದರೂ ಅಂದಿನಿಂದ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ನನಗೆ ಧೈರ್ಯವಾಗುತ್ತಿರಲಿಲ್ಲ. ಅಮ್ಮನಿಗೂ ಒಳಗೊಳಗೇ ಅಳುಕು ಹುಟ್ಟಿ, ನನ್ನ ಕೈಗೊಂದು ಕಪ್ಪು ದಾರ ಬಂತು.

ದಾರ ಕಟ್ಟಿಸಿಕೊಂಡವಳು ಸುಮ್ಮನಿರಬಹುದಿತ್ತು. ಆದರೆ ಮುಂದಿನ ಭಾನುವಾರ ಸಂಜೆ ಐದಕ್ಕೆ ನಾನು ಠಾಣೆಯ ಕೆರೆಯ ದಂಡೆಯಲ್ಲಿ ಒಂದು ಭೇಲ್ ಗಾಡಿಯ ಹಿಂದೆ ಅಡಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಸತೀಶ ಬಂದ. ಅವನ ಪಕ್ಕದಲ್ಲಿ ನಾನು ನಡೆಯುತ್ತಿದ್ದೆ. ಸ್ವಂತ ಬೆನ್ನನ್ನು ಮನುಷ್ಯರು ನೋಡಿಕೊಳ್ಳುವುದೇ ಇಲ್ಲ. ನನ್ನದನ್ನು ನಾನು ಒಂದು ಮದುವೆಯ ವಿಡಿಯೋದಲ್ಲಿ ಮಾತ್ರ ಕಂಡಿದ್ದೆ. ಅದೇ ಬೆನ್ನು. ಎಡ ಭುಜಕ್ಕೆ ಬ್ಯಾಗು, ಸೊಂಟದವರೆಗಿನ ಸಡಿಲ ಜಡೆ, ನನ್ನದರಂಥದೇ ಹಸಿರು ದುಪಟ್ಟಾ. ಅವನೇನೋ ಹೇಳಿದ, ಅವಳು ನಕ್ಕಳು. ಕುಕ್ಕರಿನ ಸೀಟಿಯಂತೆ ಮೊದಲು ಸಣ್ಣಗೆ ಶುರುವಾಗಿ ಒಮ್ಮೆಗೇ ಏರುವ ನನ್ನ ನಗು ಹತ್ತು ಹೆಜ್ಜೆ ಆಚೆಯಿಂದ ನನಗೇ ಕೇಳಿಸಿತು. ಗಾಡಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಭೇಲಿನವನು ಮಿರ್ಚಿ ಹಾಕಲೇ ಎಂದು ಕೇಳಿದ. ಹೂಂ ಎಂದೆ.

ಅವಳು ತಿರುಗಿದಳು. ಮುಖ ನನ್ನದಲ್ಲ. ಅಗಲ ಮುಖ, ಮೂಗುತಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನಾನು ಗಾಬರಿಯಲ್ಲಿ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡೆ. ಅದೇ ಗಳಿಗೆಯಲ್ಲಿ ಅವಳೂ ಸರಿಸಿಕೊಂಡಳು. ನಮ್ಮಿಬ್ಬರ ಕಣ್ಣುಗಳು ಕೂಡಿದವು. ಸತೀಶ ಫೋನ್ ಬಂತೆಂದು ದೂರ ಹೋದ ತಕ್ಷಣ ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು.

"ನೀವ ಶೋಭಾ ಏನ್ರಿ? ಕಳವಾ ಊರಾಗ ಎಲ್ಲಾರೂ ನನಗ ನಿಮ್ಮ ಹೆಸರ್ಲೇ ಕರೀತಾರ."

ಅವಳ ಹೆಸರು ರೇಣುಕಾ. ವಿಜಯಪುರದ ಕಡೆಯವಳು, ಕಳವಾದಲ್ಲಿ ಅಣ್ಣನ ಮನೆಯಲ್ಲಿದ್ದು ಒಂದು ಪ್ಯಾಕಿಂಗ್ ಕಂಪನಿಗೆ ಹೋಗುತ್ತಿದ್ದಳು. ಮುಂದಿನ ತಿಂಗಳು ಸತೀಶನ ಜೊತೆ ಮದುವೆಯ ಮಾತುಕತೆಗೆ ಅವಳ ಅಪ್ಪ ಊರಿನಿಂದ ಬರುವವರಿದ್ದರು. ಇಷ್ಟನ್ನೆಲ್ಲ ಒಂದೇ ಉಸಿರಿಗೆ ಹೇಳಿ, ದನಿ ಇಳಿಸಿದಳು.

"ಸತೀಶ ಅವ್ರು ಬ್ಯಾಗ ಎಡಕ್ಕ ಹಾಕ್ಕೋ ಅಂದ್ರು, ಹಾಕ್ಕೊಂಡೆ. ಜಡಿ ಹಿಂಗ ಹಾಕ್ಕೋ ಅಂದ್ರು, ಹಾಕ್ಕೊಂಡೆ. ಆಮ್ಯಾಲ ನಗೂದೂ ಕಲಿಸಿದ್ರು. ಈಗ ನೋಡ್ರಿ, ಮೊದಲ ನಾ ಹೆಂಗ ನಗತಿದ್ದೆ ಅನ್ನೂದ ನನಗ ನೆನಪಾಗವಲ್ದು. ನೀವರ ಮೊದಲಿಂದ ಹಿಂಗ ನಗತಿದ್ರೇನ್ರಿ?"

ಹೌದು ಎನ್ನಲು ಬಾಯಿ ತೆರೆದೆ. ಎಷ್ಟೆಂದರೂ ಅಸಲಿ ನಾನಲ್ಲವೇ ಎಂಬ ಹೆಮ್ಮೆ ಆ ಭಯದಲ್ಲೂ ಸ್ವಲ್ಪ ಇತ್ತು. ಆದರೆ ಸತೀಶ ಸಿಗುವ ಮೊದಲು ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಬಿಚ್ಚಿ ನಗು, ಚೆನ್ನಾಗಿರುತ್ತದೆ ಎಂದು ಹೇಳಿದ್ದು ಅವನು. ನನ್ನದು ಬಿಗಿ ಜಡೆ. ಸಡಿಲ ಹಾಕು ಎಂದಿದ್ದೂ ಅವನೇ. ಬ್ಯಾಗು? ಬ್ಯಾಗೂ ಅವನೇ. ಆ ಸಂಜೆಯ ಸೆಕೆಯಲ್ಲೂ ಬೆನ್ನಿಗೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಹಾಗಾದರೆ ಮೂರು ವರ್ಷ ನಾನು ಯಾರ ನಗು ನಗುತ್ತಿದ್ದೆ?

"ಇಲ್ಲ, ನನಗೂ ಅವನೇ ಕಲಿಸಿದ್ದು" ಎಂದೆ. ರೇಣುಕಾ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡಳು. ಆಮೇಲೆ ಬ್ಯಾಗನ್ನು ತೆಗೆದು ಬಲ ಭುಜಕ್ಕೆ ಹಾಕಿಕೊಂಡು, ಸತೀಶನ ಕಡೆ ತಿರುಗಿಯೂ ನೋಡದೆ ಸ್ಟೇಷನ್ನಿನ ದಾರಿ ಹಿಡಿದಳು. ಅಪ್ಪನಿಗೆ ಬರುವುದು ಬೇಡವೆಂದು ಹೇಳಿದೆ ಎಂಬ ಅವಳ ಮೆಸೇಜು ಎರಡು ದಿನ ಬಿಟ್ಟು ಬಂತು.

ನನ್ನ ನಿಜವಾದ ಚಿಕಿತ್ಸೆ ಶುರುವಾದದ್ದು ಆಮೇಲೆ. ಜಡೆಯನ್ನು ಭುಜದವರೆಗೆ ಕತ್ತರಿಸಿಕೊಂಡೆ. ಅಮ್ಮ ಒಂದು ವಾರ ಮಾತು ಬಿಟ್ಟಳು. ನಾನೂ ಬ್ಯಾಗನ್ನು ಬಲಕ್ಕೆ ಹಾಕಿಕೊಂಡು ಒಂದು ತಿಂಗಳು ಭುಜ ನೋಯಿಸಿಕೊಂಡೆ. ನಗುವುದನ್ನಂತೂ ಮೊದಲಿನಿಂದ ಕಲಿಯಬೇಕಾಯಿತು. ವರ್ಷ ಕಳೆಯುವಷ್ಟರಲ್ಲಿ ಅವನ ಮುಖ ನೆನಪಿಸಿಕೊಳ್ಳಬೇಕಾದರೆ ಪ್ರಯತ್ನ ಪಡಬೇಕು ಎನ್ನುವ ಹಂತಕ್ಕೆ ಬಂದೆ. ಯಾರ ಹಂಗೂ ಇಲ್ಲದೆ ನನ್ನನ್ನು ನಾನೇ ಹೊಸದಾಗಿ ಮಾಡಿಕೊಂಡೆ ಎಂದು ಆಫೀಸಿನ ಹುಡುಗಿಯರಿಗೆ ಉಪದೇಶ ಮಾಡುವಷ್ಟು ಗುಣವಾಗಿತ್ತು.

ಒಂದು ಮಧ್ಯಾಹ್ನ ಕಲ್ಯಾಣ ಸ್ಟೇಷನ್ನಿನಲ್ಲಿ ಹಿಂದಿನಿಂದ ಯಾರೋ ವಿದ್ಯಾ, ವಿದ್ಯಾ ಎಂದು ಕೂಗುತ್ತ ಬಂದು ನನ್ನ ತೋಳು ಹಿಡಿದರು. ಪರಿಚಯವಿಲ್ಲದ ಹೆಂಗಸು. ನನ್ನ ಮುಖ ನೋಡಿ ಪೆಚ್ಚಾದರು. ಐದಾರು ವರ್ಷದ ಹಿಂದೆ ಕಳವಾದಲ್ಲಿ ಅವರ ಪಕ್ಕದ ಖೋಲಿಯ ಸತೀಶ ಎಂಬವನ ಜೊತೆ ವಿದ್ಯಾ ಎಂಬ ಹುಡುಗಿ ಓಡಾಡುತ್ತಿದ್ದಳಂತೆ, ಅವಳೇ ಎಂದುಕೊಂಡರಂತೆ. ಅವಳಿಗೆ ಉದ್ದ ಜಡೆ, ಎಡ ಭುಜಕ್ಕೆ ಬ್ಯಾಗು ಇದ್ದಿರಬೇಕಲ್ಲ ಎಂದೆ.

"ಅದು ಆವಾಗ. ಅವನನ್ನು ಬಿಟ್ಟ ಮೇಲೆ ಕೂದಲು ಕತ್ತರಿಸಿಕೊಂಡ್ಳಲ್ಲ," ಎಂದು ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಥೇಟ್ ನಿಮ್ಮ ಹಾಗೆಯೇ. ಬ್ಯಾಗು ಕೂಡ ಈಗ ಬಲಕ್ಕೇ ಹಾಕ್ತಾಳೆ."