ಅತ್ತೆ ಗೋಲಿನಲ್ಲಿ, ಮಾವ ಮುಂದೆ, ನಾನು ಮಧ್ಯದಲ್ಲಿ

ಜಗಳ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯಲ್ಲಿ ದೂರು ಕೇಳುವ ಮೇಜು ನನ್ನದು. ಸುಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅದಕ್ಕಿಂತ ಹೆಚ್ಚು ಹೊಗೆಯಾಡುತ್ತ ಬರುವ ಗಿರಾಕಿಗೆ, "ನೀವು ಹೇಳೋದು ನೂರಕ್ಕೆ ನೂರು ಸರಿ" ಎನ್ನುತ್ತೇನೆ. ಒಳಗೆ ಹೋಗಿ ಮೆಕ್ಯಾನಿಕ್‌ಗೆ, "ನೀನು ಹೇಳೋದೂ ನೂರಕ್ಕೆ ನೂರು ಸರಿ" ಎನ್ನುತ್ತೇನೆ. ಇಬ್ಬರೂ ತಣ್ಣಗಾಗುತ್ತಾರೆ. ಮಿಕ್ಸಿ ಮಾತ್ರ ಇದ್ದ ಹಾಗೇ ಇರುತ್ತದೆ.

ಆದ್ದರಿಂದ, ನಮ್ಮ ಮನೆಯಲ್ಲಿ ಬಂದು ಉಳಿದಿದ್ದ ಅತ್ತೆ ಮಾವ ಒಬ್ಬರೊಬ್ಬರಲ್ಲಿ ಮಾತು ಬಿಟ್ಟಿದ್ದಾರೆಂದು ಹೆಂಡತಿ ಹೇಳಿದಾಗ ನಾನು ಅಂಗಿಯ ತೋಳು ಮಡಚಿದೆ.

"ಇದನ್ನ ನನಗೆ ಬಿಡು. ಭಾನುವಾರದೊಳಗೆ ಇಬ್ರೂ ಒಂದೇ ಸೋಫಾದಲ್ಲಿ ಕೂತು ನಗ್ತಿರ್ತಾರೆ."

"ನಿಮಗೆ ಹಾಕಿ ಆಟದ ಬಗ್ಗೆ ಏನಾದ್ರೂ ಗೊತ್ತಾ?"

"ಗಂಡ ಹೆಂಡ್ತಿ ಜಗಳಕ್ಕೂ ಹಾಕಿಗೂ ಏನೇ ಸಂಬಂಧ?"

"ಜಗಳ ಆಗಿರೋದೇ ಹಾಕಿಗೆ," ಎಂದಳು.

ಅತ್ತೆ ಮಾವ ಇಬ್ಬರ ಮನೆಗೆ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ಅದು ಮುಗಿಯುವ ತನಕ ನಮ್ಮಲ್ಲಿದ್ದರು. ಇಬ್ಬರೂ ಒಂದು ಕಾಲದಲ್ಲಿ ಹಾಕಿ ಆಡಿದವರು. ಮಾವ ಫಾರ್ವರ್ಡ್, ಅಂದರೆ ಮುಂದೆ ನುಗ್ಗಿ ಗೋಲು ಹೊಡೆಯುವವರು. ಅತ್ತೆ ಗೋಲ್‌ಕೀಪರ್, ಅಂದರೆ ಬೇರೆಯವರು ಹೊಡೆದದ್ದನ್ನು ತಡೆಯುವವರು. ಇಬ್ಬರಿಗೂ ಪರಿಚಯವಾದದ್ದು ಮೈದಾನದಲ್ಲಿ. ಈಗ ನಮ್ಮೂರಿನ ತಂಡಕ್ಕೆ ಹೊಸದಾಗಿ ಒಬ್ಬ ಹುಡುಗ ಬಂದಿದ್ದಾನೆ. ಹನ್ನೊಂದನೇ ನಂಬರು. ಓಟ ನೋಡಿ ಜನ ಅವನಿಗೆ ಜಿಂಕೆ ಎಂದು ಹೆಸರಿಟ್ಟಿದ್ದಾರೆ. ಚೆಂಡು ಸಿಕ್ಕರೆ ಜಿಂಕೆಯನ್ನು ಹಿಡಿಯುವವರಿಲ್ಲ. ಚೆಂಡು ಕಳೆದುಕೊಂಡರೆ ಮಾತ್ರ, ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಡುತ್ತಾನೆ. ಹಿಂದಕ್ಕೆ ಓಡಿ ತನ್ನವರಿಗೆ ನೆರವಾಗುವುದಿಲ್ಲ.

ಅವನಿಗೆ ಮೊದಲು ಡಿಫೆನ್ಸ್ ಕಲಿಸಬೇಕು ಎಂದು ಅತ್ತೆ. ಹುಡುಗ ಇನ್ನೂ ಬೆಳೆಯುತ್ತಿದ್ದಾನೆ, ಈಗಲೇ ಹಗ್ಗ ಹಾಕಿ ಎಳೆದರೆ ಓಟವೇ ಮರೆತುಹೋಗುತ್ತದೆ ಎಂದು ಮಾವ. ಟೀವಿ ಮುಂದೆ ಮಾತಿಗೆ ಮಾತು ಬೆಳೆದು, ಮಾವ ಒಂದು ಮಾತು ಅಂದುಬಿಟ್ಟಿದ್ದರು: "ಗೋಲಲ್ಲಿ ನಿಂತವರಿಗೆ ಆಟ ಏನು ಕಾಣುತ್ತೆ?"

ಅತ್ತೆ ಎದ್ದು ಟೀವಿ ಆರಿಸಿದರು. ದಿಂಬು ತೆಗೆದುಕೊಂಡು ನಮ್ಮ ಮಲಗುವ ಕೋಣೆಗೆ ಹೋದರು. ಅಂದಿನಿಂದ ಹಾಸಿಗೆಯ ಮೇಲೆ ತಾಯಿ ಮಗಳು, ಹಾಲಿನ ಸೋಫಾದ ಮೇಲೆ ಮಾವ, ನೆಲದ ಮೇಲೆ ನಾನು. ಹೀಗಾಗಿ ಈ ಸಂಧಾನದಲ್ಲಿ ನನ್ನ ಬೆನ್ನುಮೂಳೆಯ ಭವಿಷ್ಯವೂ ಅಡಗಿತ್ತು.

ಮೊದಲು ಅಡುಗೆಮನೆಗೆ ಹೋದೆ. ಅತ್ತೆ ಹುರುಳಿಕಾಯಿ ಮುರಿಯುತ್ತಿದ್ದರು. ಮುರಿಯುವ ಸದ್ದು ಹಾಲಿನವರೆಗೂ ಕೇಳುತ್ತಿತ್ತು.

"ಅತ್ತೆ, ಜಿಂಕೆ ವಿಷಯದಲ್ಲಿ ನೀವು ಹೇಳೋದು ನೂರಕ್ಕೆ ನೂರು ಸರಿ."

ಕೈ ನಿಂತಿತು. "ಹೌದಾ ಅಳಿಯಂದ್ರೇ? ನಿಮಗೂ ಹಾಗನ್ನಿಸ್ತಾ?"

"ಮತ್ತೆ? ಮುಂದೆ ಹೋದವನು ಹಿಂದೆ ಬರಬೇಡ್ವಾ?"

ಅತ್ತೆಯ ಕಣ್ಣು ತೇವವಾಯಿತು. ಹುರುಳಿಕಾಯಿ ಮುರಿದರೂ ಕಣ್ಣೀರು ಬರುವುದು ನನಗೆ ಹೊಸ ಸಂಗತಿ.

ಅಲ್ಲಿಂದ ಬಾಲ್ಕನಿಗೆ ಹೋದೆ. "ಮಾವ, ಹುಡುಗ ಬೆಳೀಲಿ ಬಿಡಿ. ನೀವು ಹೇಳೋದು ನೂರಕ್ಕೆ ನೂರು ಸರಿ." ಮಾವ ನನ್ನ ಭುಜ ತಟ್ಟಿ, "ಈ ಮನೇಲಿ ಆಟ ಗೊತ್ತಿರೋರು ನೀವೊಬ್ರೇ" ಎಂದರು.

ಅರ್ಧ ಗಂಟೆಯೊಳಗೆ ಎರಡು ಕಡೆಯೂ ಶಾಂತಿ. ಊಟಕ್ಕೆ ಕೂರುವವರೆಗೆ ನಾನೇ ದೊಡ್ಡ ರಾಯಭಾರಿ.

ಊಟದಲ್ಲಿ ಅತ್ತೆ ಮಗಳ ಕಡೆ ತಿರುಗಿ, "ನಿಮ್ಮಪ್ಪಂಗೆ ಹೇಳೇ, ಅಳಿಯಂದ್ರು ನನ್ನ ಕಡೆ ಅಂತ" ಎಂದರು.

ಮಾವ ಸಾರಿನ ಪಾತ್ರೆಗೆ ಹೇಳುವವರಂತೆ, "ನಿಮ್ಮಮ್ಮಂಗೆ ಹೇಳು, ಅಳಿಯಂದ್ರು ಈಗಷ್ಟೇ ಬಾಲ್ಕನೀಲಿ ನನ್ನ ಕಡೆ ಬಂದ್ರು ಅಂತ" ಎಂದರು.

ಮೂವರೂ ನನ್ನನ್ನು ನೋಡಿದರು. ಅಂಗಡಿಯಲ್ಲಿ ಗಿರಾಕಿಯನ್ನೂ ಮೆಕ್ಯಾನಿಕ್‌ನನ್ನೂ ಒಂದೇ ಮೇಜಿಗೆ ನಾನು ಎಂದೂ ಕೂರಿಸಿರಲಿಲ್ಲ. ಏಕೆ ಕೂರಿಸುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

"ಇಬ್ಬರೂ ಹೇಳೋದು ಸರಿಯೇ..." ಎಂದು ಶುರುಮಾಡಿದೆ.

"ಎರಡೂ ಸರಿ ಆಗೋಕೆ ಆಗಲ್ಲ," ಎಂದರು ಅತ್ತೆ. "ಭಾನುವಾರ ಆಟ ಇದೆ. ಬನ್ನಿ. ಹುಡುಗನ್ನ ಕಣ್ಣಾರೆ ನೋಡಿ, ಎಲ್ಲರ ಮುಂದೆ ಹೇಳಿ."

"ಅವರು ಹೇಳಿದ ಹಾಗೇ ಆಗಲಿ," ಎಂದು ಮಾವ ಸಾರಿನ ಪಾತ್ರೆಗೆ ಒಪ್ಪಿಗೆ ಕೊಟ್ಟರು.

ಮರುದಿನ ಅಂಗಡಿಯಲ್ಲಿ ನಮ್ಮ ಸ್ಟೋರ್‌ಕೀಪರ್‌ನನ್ನು ಹಿಡಿದೆ. ಆತ ಹಾಕಿಯ ಹುಚ್ಚ. ಸುಲಭವಾಗಿ ಹೇಳಿಕೊಡು ಎಂದೆ.

"ತುಂಬಾ ಸುಲಭ ಸಾರ್. ಫಾರ್ವರ್ಡ್ ಆದವನು ಬ್ಯಾಕ್ ಬರಬೇಕು. ಆದ್ರೆ ಬ್ಯಾಕ್ ಬಂದು ಬ್ಯಾಕೇ ಆಗಿಬಿಡಬಾರದು. ಬ್ಯಾಕ್ ಆದವನು ಮುಂದೆ ಹೋಗಬಹುದು. ಆಗ ಹಾಫ್ ಹಿಂದೆ ಇರಬೇಕು."

"ಅರ್ಧ ಮಾತ್ರ ಹಿಂದೆ ಇದ್ರೆ ಸಾಕಾ?"

"ಅರ್ಧ ಅಲ್ಲ ಸಾರ್, ಹಾಫ್. ಹಾಫ್ ಅಂದ್ರೆ ಮಧ್ಯದಲ್ಲಿ ಆಡೋ ಒಬ್ಬ ಆಟಗಾರ."

"ಪೂರ್ತಿ ಒಬ್ಬನಾ?"

ಆತ ಗೋದಾಮಿನಲ್ಲಿ ಕೆಲಸವಿದೆ ಎಂದು ಹೊರಟುಹೋದ.

ಭಾನುವಾರ ಮೈದಾನದ ಕಲ್ಲುಮೆಟ್ಟಿಲ ಮೇಲೆ ಕುಳಿತೆವು. ನನ್ನ ಎಡಕ್ಕೆ ಅತ್ತೆ, ಬಲಕ್ಕೆ ಮಾವ, ಹಿಂದಿನ ಮೆಟ್ಟಿಲಲ್ಲಿ ಹೆಂಡತಿ. ಒಂದು ತಂಡದ್ದು ಬಿಳಿ ಅಂಗಿಗೆ ನೀಲಿ ಪಟ್ಟಿ, ಇನ್ನೊಂದರದು ನೀಲಿ ಅಂಗಿಗೆ ಬಿಳಿ ಪಟ್ಟಿ. ನಮ್ಮದು ಯಾವುದೆಂದು ಮಾವ ಹೇಳಿದರು. ಹೇಳಿದ ಕೂಡಲೇ ನನಗೆ ಮರೆತುಹೋಯಿತು. ಮತ್ತೆ ಕೇಳಿದರೆ ನ್ಯಾಯಾಧೀಶನ ಗೌರವಕ್ಕೆ ಕುಂದು. ಹೇಗೂ ಹನ್ನೊಂದನೇ ನಂಬರನ್ನು ಹುಡುಕಿದರೆ ಸಾಕಲ್ಲ?

"ಅಗೋ, ಆ ತುದೀಲಿರೋದು ನಮ್ಮ ಗೋಲು," ಎಂದು ಅತ್ತೆ ತೋರಿಸಿದರು.

ನೋಡಿದೆ. ನಮ್ಮ ಗೋಲಿನ ಹತ್ತಿರವೇ ಬೆನ್ನ ಮೇಲೆ ಹನ್ನೊಂದು ಬರೆದುಕೊಂಡ ಹುಡುಗ ಕಂಡ. ಅವನ ಮೇಲೆ ಕಣ್ಣು ನೆಟ್ಟೆ. ಆಮೇಲೆ ರೆಪ್ಪೆ ಬಡಿದಿದ್ದರೆ ಕೇಳಿ. ಎಲ್ಲರೂ ಅತ್ತಿಂದಿತ್ತ ಓಡುತ್ತಿದ್ದರೂ ಅವನು ನಮ್ಮ ಗೋಲಿನ ಸುತ್ತಮುತ್ತಲೇ ಇದ್ದ. ನನಗೆ ಆಶ್ಚರ್ಯವಾಯಿತು. ಇಷ್ಟು ನಿಷ್ಠೆಯಿಂದ ಕಾವಲು ಕಾಯುವ ಹುಡುಗನ ಮೇಲೆ ಅತ್ತೆ ಹೀಗೆ ಸುಮ್ಮನೆ ಗೂಬೆ ಕೂರಿಸಬಹುದೇ?

"ಏನನ್ನಿಸ್ತಿದೆ ಅಳಿಯಂದ್ರೇ?" ಎಂದರು ಮಾವ.

ಗಂಟಲು ಸರಿಮಾಡಿಕೊಂಡೆ. ಸುತ್ತಲಿನ ನಾಲ್ಕು ಜನರಿಗೂ ಕೇಳಲಿ ಎಂದು ಕೊಂಚ ಗಟ್ಟಿಯಾಗಿಯೇ ಹೇಳಿದೆ. "ಅತ್ತೆ ಕ್ಷಮಿಸಬೇಕು. ಹುಡುಗನ ಡಿಫೆನ್ಸ್ ಬಹಳ ಚೆನ್ನಾಗಿದೆ. ಆಟ ಶುರುವಾದಾಗಿನಿಂದ ನಮ್ಮ ಗೋಲು ಬಿಟ್ಟು ಅಲ್ಲಾಡಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಮಾವ ಮೈದಾನ ನೋಡಿದರು. ಅಷ್ಟರಲ್ಲಿ ನನ್ನ ಹುಡುಗನಿಗೆ ಚೆಂಡು ಸಿಕ್ಕಿತು. ತಿರುಗಿ ಒಂದೇಟು ಹೊಡೆದ. ಚೆಂಡು ಬಲೆಯೊಳಗೆ. ಹುಡುಗ ಎರಡೂ ಕೈಯೆತ್ತಿ ಕುಣಿದ. ಗೋಲು ಎಂದರೆ ಸಂತೋಷಪಡಬೇಕು ಎಂಬಷ್ಟು ಹಾಕಿ ನನಗೂ ಗೊತ್ತಿತ್ತು. ಎದ್ದು ನಿಂತು ಚಪ್ಪಾಳೆ ತಟ್ಟಿದೆ.

"ನೋಡಿ ಮಾವ, ಗೋಲೂ ಹೊಡೆದ! ಇಬ್ರೂ ಹೇಳಿದ್ದು ಸರಿ ಅಂತ ನಾನು ಅವತ್ತೇ ಹೇಳಿರಲಿಲ್ವಾ?"

ಇಡೀ ಮೆಟ್ಟಿಲ ಸಾಲಿನಲ್ಲಿ ಚಪ್ಪಾಳೆ ನನ್ನದೊಂದೇ. ಮುಂದಿನ ಸಾಲಿನ ದಪ್ಪ ಮನುಷ್ಯ ಪೂರ್ತಿ ತಿರುಗಿ ಕುಳಿತ. ಹಿಂದಿನಿಂದ ಹೆಂಡತಿ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದಳು.

ಆಗ, ಇಷ್ಟು ದಿನಗಳ ನಂತರ, ಅತ್ತೆ ನನ್ನ ತಲೆಯ ಮೇಲಿಂದ ನೇರವಾಗಿ ಮಾವನನ್ನು ಮಾತಾಡಿಸಿದರು. "ರೀ, ಇವರು ಯಾರನ್ನ ನೋಡ್ತಿದ್ದಾರೆ?"

"ಆ ತಂಡದ ಹನ್ನೊಂದನ್ನ ಕಣೇ," ಎಂದರು ಮಾವ. "ಎದುರು ಪಾರ್ಟಿ ಫಾರ್ವರ್ಡ್ ನಮ್ಮ ಗೋಲ್ ಹತ್ರ ಇರದೆ ಇನ್ನೆಲ್ಲಿರ್ತಾನೆ?"

ಇಬ್ಬರೂ ನಕ್ಕರು. ನನ್ನ ಮಾನ ಹೋದರೂ ಸಂಧಾನ ಗೆದ್ದಿತು ಎಂದುಕೊಂಡೆ. ಅಷ್ಟಕ್ಕೆ ಬಿಡಬಾರದಿತ್ತೇ ಮಾವ? ನಗುವಿನ ಭರದಲ್ಲಿ, "ಅಳಿಯಂದ್ರೂ ಗೋಲ್‌ಕೀಪರ್ ಥರಾನೇ ಆಟ ನೋಡ್ತಾರೆ" ಎಂದುಬಿಟ್ಟರು.

ಅತ್ತೆಯ ನಗು ನಿಂತಿತು. ದನಿ ಏರಿಸದೆ ಹೇಳಿದರು. "ಗೋಲಲ್ಲಿ ನಿಂತವಳಿಗೇ ಪೂರ್ತಿ ಆಟ ಕಾಣೋದು. ಮುಂದೆ ಹೋದವರ ಬೆನ್ನೂ ಕಾಣುತ್ತೆ. ಮದುವೆಯಾದಾಗಿನಿಂದ ನಾನು ನಿಮ್ಮ ಬೆನ್ನೇ ನೋಡ್ತಾ ಬಂದಿದ್ದೀನಿ. ಮಗಳಿಗೆ ಜ್ವರ ಬಂದಾಗ, ನಲ್ಲಿ ಒಡೆದು ಮನೆಯೆಲ್ಲ ನೀರಾದಾಗ, ನಿಮ್ಮಮ್ಮ ಹಾಸಿಗೆ ಹಿಡಿದಾಗ, ಚೆಂಡು ನನ್ನ ಕಡೆ ಬಂತು ಅಂದ್ರೆ ನೀವು ಸೊಂಟದ ಮೇಲೆ ಕೈ ಇಟ್ಟು ನಿಂತುಬಿಡ್ತಿದ್ರಿ. ಒಂದು ಸಲ ಹಿಂದೆ ಬಂದಿದ್ದೀರಾ?"

ಮಾವ ಮೈದಾನದ ಕಡೆ ಮುಖ ತಿರುಗಿಸಿದರು. ಹೆಂಡತಿ ಹಿಂದಿನಿಂದ ತಾಯಿಯ ಭುಜದ ಮೇಲೆ ಕೈಯಿಟ್ಟಳು. ನಾನು ಮಾತ್ರ ತಲೆ ಕೆರೆದುಕೊಂಡೆ. ಮಾವನ ತಾಯಿಯೂ ಹಾಕಿ ಆಡುತ್ತಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ.

ವಿರಾಮದ ನಂತರ ಹೆಂಡತಿ ನನ್ನ ಗದ್ದ ಹಿಡಿದು, ನಮ್ಮ ಜಿಂಕೆ ಯಾರೆಂದು ತೋರಿಸಿದಳು. ಹುಡುಗ ಗಾಳಿಯಂತೆ ಓಡುತ್ತಿದ್ದ. ಆಟ ಮುಗಿಯುತ್ತ ಬಂದಾಗ ಅವನ ಸ್ಟಿಕ್ಕಿನಿಂದ ಯಾರೋ ಚೆಂಡು ಕಸಿದರು. ಅವನು ನಿಂತ. ಕೈ ಸೊಂಟಕ್ಕೆ ಹೋಯಿತು. ಅತ್ತೆ ನಿಟ್ಟುಸಿರುಬಿಟ್ಟರು. ಆಮೇಲೆ ಏನನ್ನಿಸಿತೋ, ಹುಡುಗ ಗರಕ್ಕನೆ ತಿರುಗಿ ಹಿಂದಕ್ಕೆ ಓಡತೊಡಗಿದ. ಮೈದಾನದ ಉದ್ದಕ್ಕೂ ಓಡಿ, ನಮ್ಮ ಗೋಲಿನ ಬಾಯಲ್ಲಿ ಉದ್ದಕ್ಕೆ ಬಿದ್ದು ಚೆಂಡು ತಡೆದ. ಅತ್ತೆ ಎದ್ದು ನಿಂತರು. ಮಾವನೂ ನಿಂತರು. ಈ ಸಲ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಯಾವುದಕ್ಕೂ ಇರಲಿ ಎಂದು ಹೆಂಡತಿಯ ಅನುಮತಿ ಪಡೆದು ತಟ್ಟಿದೆ.

ಮುಂದಿನ ಕ್ಷಣದಲ್ಲೇ ನಮ್ಮವರೊಬ್ಬರು ಮುಂದಕ್ಕೆ ಹೊಡೆದ ಚೆಂಡು ಎದುರು ತಂಡದ ಗೋಲಿನ ಮುಂದೆ ಉರುಳುತ್ತ ಹೋಯಿತು. ಹೊಡೆಯಲು ನಮ್ಮವರು ಒಬ್ಬರೂ ಅಲ್ಲಿರಲಿಲ್ಲ. ಜಿಂಕೆ ಇನ್ನೂ ಈ ತುದಿಯಲ್ಲಿ ಮಣ್ಣು ಕೊಡವಿಕೊಳ್ಳುತ್ತಿದ್ದ. ಸೀಟಿ ಊದಿದರು. ಒಂದು ಗೋಲಿನಿಂದ ಸೋತೆವು.

ಹಾಗಾದರೆ ಯಾರು ಸರಿ? ಹಿಂದೆ ಬಂದದ್ದಕ್ಕೆ ಉಳಿದೆವೋ, ಹಿಂದೆ ಬಂದದ್ದಕ್ಕೇ ಸೋತೆವೋ? ತೀರ್ಪು ಕೇಳುತ್ತಾರೆಂದು ಬೆವರುತ್ತ ಕುಳಿತಿದ್ದೆ. ಯಾರೂ ಕೇಳಲಿಲ್ಲ. ಮಾವ ಅತ್ತೆಯ ಮುಖ ನೋಡಿ, ಅವರ ಕೈಚೀಲವನ್ನು ತಾವೇ ಎತ್ತಿಕೊಂಡರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತಿದ್ದರು.

ಮನೆಗೆ ಬಂದು ಊಟವಾದ ಮೇಲೆ ಅಡುಗೆಮನೆಯಿಂದ ಪಾತ್ರೆಗಳ ಭಾರೀ ಸದ್ದು ಕೇಳಿಸಿತು. ಇಣುಕಿದೆ. ಮಾವ ಪ್ಯಾಂಟು ಮಡಚಿಕೊಂಡು, ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ಪಾತ್ರೆ ತೊಳೆಯುತ್ತಿದ್ದರು. ಅರ್ಧ ನೀರು ಅವರ ಅಂಗಿಯ ಮೇಲಿತ್ತು. ಅತ್ತೆ ಹಾಲಿನ ಸೋಫಾದ ಮೇಲೆ ಕಾಲು ನೀಡಿ ಕುಳಿತು, "ಬಾಣಲೆ ತಳ ಬಿಟ್ರಿ" ಎಂದು ಕೂಗಿ ಹೇಳಿದರು. ಒಳಗಿನಿಂದ "ಉಜ್ತೀನಿ ಕಣೇ" ಎಂಬ ಉತ್ತರ ಬಂತು.

ನನಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ. "ಮಾವನಿಗೆ ಏನಾಯ್ತೇ?"

"ಹಿಂದೆ ಬಂದಿದ್ದಾರೆ."

"ಎಲ್ಲಿಗೆ ಹೋಗಿದ್ರು? ನಮ್ಮ ಜೊತೇನೇ ಬಸ್ಸಲ್ಲಿ ಬಂದ್ರಲ್ಲ?"

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿದಳು. "ನಿಮಗೆ ಗೊತ್ತಿಲ್ಲದೇ ಇರೋದು ಹಾಕಿ ಒಂದೇ ಅಂದ್ಕೊಂಡಿದ್ದೆ ಕಣ್ರೀ," ಎಂದು, ಪಾತ್ರೆ ಒರೆಸುವ ಬಟ್ಟೆಯನ್ನು ನನ್ನ ಹೆಗಲ ಮೇಲೆ ಹಾಕಿ, ತಾಯಿಯ ಪಕ್ಕ ಹೋಗಿ ತಾನೂ ಕಾಲು ನೀಡಿ ಕುಳಿತಳು.