ಏಳು ಮನೆಗೊಂದು ನಂಬರು

ಕುಲುಮೆಯಲ್ಲಿ ಕುಡುಗೋಲು ಕೆಂಪಗೆ ಕಾದು, ಇನ್ನೇನು ಸುತ್ತಿಗೆ ಎತ್ತಬೇಕು, ಪುಟ್ಟಸ್ವಾಮಿಯ ಜೇಬಿನಲ್ಲಿ ಫೋನು ‘ಟಿಣ್’ ಅಂದಿತು.

ಅವನೊಬ್ಬನ ಫೋನಾಗಿದ್ದರೆ ಚಿಂತೆಯಿರಲಿಲ್ಲ. ಹತ್ತು ವರ್ಷದ ಕೆಳಗೆ ಪಾಂಡವಪುರದ ಆ ಬೀದಿಯವರು ಬ್ಯಾಂಕಿನಲ್ಲಿ ಖಾತೆ ತೆರೆದಾಗ ಫೋನಿದ್ದದ್ದು ಅವನೊಬ್ಬನ ಹತ್ತಿರ. ಉಳಿದ ಆರು ಮನೆಯವರೂ ಅರ್ಜಿಯಲ್ಲಿ ಅವನ ನಂಬರನ್ನೇ ಬರೆಸಿದ್ದರು. ಈಗ ಮನೆಮನೆಗೂ ಫೋನು ಬಂದಿದೆ, ನಂಬರು ಮಾತ್ರ ಬದಲಾಗಿಲ್ಲ. ಮಂಚಮ್ಮನ ಪಿಂಚಣಿ, ಶಿವಲಿಂಗಯ್ಯನ ಹಾಲಿನ ದುಡ್ಡು, ಎಲ್ಲದರ ಸುದ್ದಿಯೂ ಬಂದು ಬೀಳುವುದು ಅವನ ಜೇಬಿಗೇ. ಅವನು ಸುತ್ತಿಗೆ ಕೆಳಗಿಟ್ಟು, ಕನ್ನಡಕ ಏರಿಸಿ, ಓಡಿ ಹೋಗಿ ಹೇಳಿ ಬರುವಷ್ಟರಲ್ಲಿ ಕಬ್ಬಿಣ ತಣ್ಣಗಾಗಿರುತ್ತಿತ್ತು. ಕಬ್ಬು ಕಡಿಯುವ ಕಾಲ. ನಲವತ್ತು ಕುಡುಗೋಲು ಒಪ್ಪಿಸಬೇಕು, ಆಗಿದ್ದದ್ದು ಒಂಬತ್ತು. ಈ ಕಾಟ ತೊಲಗಿದರೆ ಸಾಕಪ್ಪಾ ಅಂತ ಹರಕೆಯನ್ನೂ ಹೊತ್ತಿದ್ದ.

ಇವತ್ತಿನ ಮೆಸೇಜು ಬೇರೆ ತರಹ ಇತ್ತು: ‘ಖಾತೆ ನಿರ್ವಹಣಾ ಶುಲ್ಕ 9,999 ರೂಪಾಯಿ ಇಂದು ಹನ್ನೆರಡಕ್ಕೆ ಕಡಿತವಾಗುವುದು. ತಡೆಯಲು ಈ ಲಿಂಕ್ ಒತ್ತಿ.’

“ಯಾರ್ದು ಅಂತ ಬರ್ದವ್ರೆ?” ಅಂದಳು ಹೆಂಡತಿ ವೆಂಕಟಮ್ಮ. ಅವಳಿಗೆ ತಿಳಿದದ್ದೇ ತಡ, ಬೀದಿಗೆಲ್ಲ ತಿಳಿಯಿತು.

ಮೊದಲು ಓಡಿ ಬಂದವಳು ಮಂಚಮ್ಮ. “ಅದು ನಂದೇ ಕಣ್ಲಾ! ಎಮ್ಮೆ ಮಾರಿದ್ ದುಡ್ಡು ಮಡ್ಗಿವ್ನಿ!”

“ನಿನ್ ಖಾತೇಲಿ ಅಷ್ಟು ಎಲ್ಲೈತಮ್ಮೋ?” ಶಿವಲಿಂಗಯ್ಯ ಹೆಗಲ ಟವೆಲ್ ಕೊಡವಿದ. “ಕೀಳೋರು ಇದ್ದೋರ ತಾವ್ಲೇ ಕೀಳೋದು. ಅದು ನಂದು!”

“ನಾನೇನ್ ಗತಿಗೆಟ್ಟೋಳಾ?”

ಕಳೆದುಕೊಳ್ಳುವುದಕ್ಕೂ ಪೈಪೋಟಿ ಬಿತ್ತು. ಅಷ್ಟರಲ್ಲಿ ಗೂಡ್ಸ್ ಆಟೋದ ಕುಮಾರ್ ನುಗ್ಗಿದ. ಬೀದಿಗೆಲ್ಲ ದೊಡ್ಡ ಫೋನು ಅವನದೇ ಆದ್ದರಿಂದ ಅವನೇ ಪಂಡಿತ.

“ಇಂಗೇ ಮಾತಾಡ್ತಾ ಕುಂತ್ರೆ ಹನ್ನೆರಡಾಯ್ತದೆ. ಒತ್ತಿ ಅಂದವ್ರೆ, ಒತ್ಬುಡನ. ಕೊಡಿ ಇತ್ಲಾಗೆ ಆಚಾರ್ರೇ!”

ಅವನು ಫೋನು ಕಿತ್ತುಕೊಂಡ. ಮಂಚಮ್ಮ ಅವನ ಕೈ ಹಿಡಿದಳು, ಶಿವಲಿಂಗಯ್ಯ ಮಂಚಮ್ಮನ ಕೈ ಹಿಡಿದ. ಸಂತೆಯ ಕೋಳಿಯಂತೆ ಫೋನು ಕೈಯಿಂದ ಕೈಗೆ ಒದ್ದಾಡಿತು. ಬೆಂಕಿಯಲ್ಲೇ ಮರೆತ ಕುಡುಗೋಲು ಕಿಡಿ ಕಾರಿ, ಸೊಟ್ಟಗೆ ಬಾಗಿ, ಹತ್ತನೆಯದಾಗುವ ಆಸೆಯನ್ನೇ ಬಿಟ್ಟಿತು. ಕುಮಾರನ ಹೆಬ್ಬೆರಳು ಲಿಂಕಿನ ಮೇಲೆ ಇಳಿಯುತ್ತಿತ್ತು.

“ತಡ್ಯಲಾ!” ಪುಟ್ಟಸ್ವಾಮಿ ಇಕ್ಕಳ ಹಿಡಿದೇ ನೆಗೆದ. “ಬಾಲ ಎಲ್ಲೈತೆ ಅದ್ಕೆ?”

“ಎಂಥ ಬಾಲ?”

“ಹತ್ತೊರ್ಷದಿಂದ ನಿಮ್ಮೆಲ್ಲರ ಮೆಸೇಜು ಓದಿವ್ನಿ ಕಣ್ಲಾ. ಬ್ಯಾಂಕಿನೋರು ಖಾತೆಯ ಕೊನೇ ನಾಕು ಅಂಕಿ ಹಾಕೇ ಕಳ್ಸೋದು. 1246 ಅಂದ್ರೆ ಮಂಚಮ್ಮ, 9031 ಅಂದ್ರೆ ಶಿವಲಿಂಗಯ್ಯ. ಇದ್ಕೆ ಬಾಲಾನೂ ಇಲ್ಲ, ಬ್ಯಾಂಕಿನ ಹೆಸರೂ ಇಲ್ಲ. ಬಂದಿರೋದು ಯಾವನದೋ ಮೊಬೈಲಿಂದ. ನಾವ್ಯಾರು ಅಂತ್ಲೇ ಅವ್ನಿಗೆ ಗೊತ್ತಿಲ್ಲ!”

ಕುಮಾರ್ ಬೆಂಕಿ ಮುಟ್ಟಿದವನಂತೆ ಬೆರಳು ಹಿಂದಕ್ಕೆಳೆದುಕೊಂಡ.

ಎಲ್ಲರೂ ಅವನ ಆಟೋ ಹತ್ತಿ ಬ್ಯಾಂಕಿಗೆ ನುಗ್ಗಿದರು. ಕೌಂಟರಿನ ಅನುಶ್ರೀ ಮೆಸೇಜು ನೋಡಿದವಳೇ, “ಇದು ಮೋಸಾನೇ. ಅಂಕಿ ಇದ್ರೂ ಲಿಂಕ್ ಒತ್ಬೇಡಿ, ಅನುಮಾನ ಬಂದ್ರೆ ಇಲ್ಲಿಗೇ ಬನ್ನಿ. ಓಟಿಪಿ, ಗುಟ್ಟಿನ ನಂಬರು ಯಾರಿಗೂ ಹೇಳ್ಬೇಡಿ. ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ,” ಅಂದಳು. ಆಮೇಲೆ ಕಂಪ್ಯೂಟರ್ ನೋಡಿ ಹೌಹಾರಿದಳು. “ಏಳು ಮನೆಗೆ ಒಂದೇ ನಂಬರಾ? ಇವತ್ತೇ ನಿಮ್ಮ ನಿಮ್ಮ ನಂಬರು ಬರ್ದುಕೊಡಿ!”

ಪುಟ್ಟಸ್ವಾಮಿಗೆ ಆಕಾಶ ಮೂರೇ ಗೇಣು. ಆರು ಅರ್ಜಿಯನ್ನೂ ತಾನೇ ಓಡಾಡಿ ತುಂಬಿಸಿದ. ಊಟವನ್ನೂ ಮಾಡದೆ ಕುಲುಮೆಗೆ ಬಂದು ತಿದಿ ಒತ್ತಿದ. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು, ಜೇಬು ಮಿಸುಕಲಿಲ್ಲ. ಒಂದೇ ಪಟ್ಟಿಗೆ ನಾಲ್ಕು ಕುಡುಗೋಲು ಮುಗಿದವು.

ಐದನೆಯದಕ್ಕೆ ಕೈ ಹಾಕುವಾಗ ಬಾಗಿಲಲ್ಲಿ ಮಂಚಮ್ಮ ನಿಂತಿದ್ದಳು. ಅವಳ ಹಿಂದೆ ಚಾರ್ಜರ್ ಹಿಡಿದ ಶಿವಲಿಂಗಯ್ಯ, ಅವನ ಹಿಂದೆ ಕುಮಾರ್, ಹಿಂದೆ ಇನ್ನೂ ಮೂರು ಮನೆಯವರು.

“ಯಾವ್ದು ದಿಟ, ಯಾವ್ದು ಸುಳ್ಳು ಅಂತ ನಮ್ಗೇನು ಗೊತ್ತಾಯ್ತದೆ ಮಗಾ?” ಮಂಚಮ್ಮ ಸೆರಗಿನಿಂದ ಫೋನು ಬಿಚ್ಚಿ ಬೆಂಚಿನ ಮೇಲಿಟ್ಟಳು. “ಇನ್ಮೇಲೆ ನಮ್ ಫೋನೆಲ್ಲ ನಿನ್ ತಾವ್ಲೇ ಇರ್ಲಿ.”

ಅದರ ಪಕ್ಕ ಇನ್ನೈದು ಫೋನು ಸಾಲಾಗಿ ಕುಳಿತವು. ಪುಟ್ಟಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಮಂಚಮ್ಮ ಅತ್ತಿತ್ತ ನೋಡಿ, ಹತ್ತಿರ ಬಂದು ಪಿಸುಗುಟ್ಟಿದಳು:

“ಗುಟ್ಟಿನ ನಂಬ್ರ ಯಾರ್ಗೂ ಹೇಳ್ಬೇಡ ಅಂದವ್ಳೆ ಆ ಹುಡ್ಗಿ. ಅದ್ಕೇ, ಬಗ್ಗು, ಕಿವೀಲಿ ಹೇಳ್ತೀನಿ.”